‘ರಕ್ತ ಕಮ್ಮಿ’ ಎಂದಾಗ: ಕೊರತೆ ಯಾವುದೆಂದು ತಿಳಿದು ಚಿಕಿತ್ಸೆ ಪಡೆಯುವ ಬಗೆ

ಮಂಡ್ಯ, ಮೈಸೂರಿನ ಕಡೆ ಯಾರಾದರೂ ಬಿಳಚಿಕೊಂಡು, ಏರಿ ಹತ್ತುವಷ್ಟರಲ್ಲಿ ಏದುಸಿರು ಬಿಡತೊಡಗಿದರೆ, "ರಕ್ತ ಕಮ್ಮಿಯಾಗಿದೆ, ಬೀಟ್‌ರೂಟ್ ತಿನ್ನು, ಬೆಲ್ಲ ತಿನ್ನು, ಒಂದು ಬಾಟಲಿ ಟಾನಿಕ್ ಕುಡಿ" ಎಂದು ಹೇಳದವರಿಲ್ಲ. ‘ರಕ್ತ ಕಮ್ಮಿ’ ಎಂಬ ಈ ಒಂದೇ ಹೆಸರಿನಡಿ ಕಬ್ಬಿಣಾಂಶದ ಕೊರತೆ, ವಿಟಮಿನ್ ಬಿ12ರ ಕೊರತೆ, ಸೊಪ್ಪಿನಲ್ಲಿರುವ ಫೋಲೇಟ್ ಎಂಬ ವಿಟಮಿನ್ನಿನ ಕೊರತೆ, ಕೆಲವೊಮ್ಮೆ ಹುಟ್ಟಿನಿಂದಲೇ ಬಂದ ರಕ್ತದೋಷ ಎಲ್ಲವೂ ಸೇರಿಹೋಗಿರುತ್ತವೆ; ಒಂದಕ್ಕೆ ಕೊಡುವ ಔಷಧ ಮತ್ತೊಂದಕ್ಕೆ ನಾಟುವುದಿಲ್ಲ. ಶ್ರೀರಂಗಪಟ್ಟಣದ ಹತ್ತಿರದ ನಮ್ಮ ಮನೆಯಲ್ಲಿಯೇ ಅಮ್ಮ ಎರಡು ವರ್ಷ ಕಬ್ಬಿಣದ ಟಾನಿಕ್ ಕುಡಿದರು, ಅಂಗಾಲಿನ ಉರಿ ಮಾತ್ರ ಹೆಚ್ಚುತ್ತಲೇ ಹೋಯಿತು. ಕಡೆಗೆ ಪರೀಕ್ಷೆ ಮಾಡಿಸಿದಾಗ ಅವರಿಗೆ ಕಡಿಮೆಯಿದ್ದದ್ದು ಬಿ12 ಎಂದು ತಿಳಿಯಿತು. ಆದ್ದರಿಂದ ಔಷಧದ ಮಾತಿಗಿಂತ ಮೊದಲು ಪರೀಕ್ಷೆಯ ಮಾತನ್ನು ಹೇಳುತ್ತೇನೆ.

ಸುಸ್ತು, ತಲೆಸುತ್ತು, ಎದೆಬಡಿತ, ಕೂದಲು ಉದುರುವುದು, ಇವು ಯಾವ ಕೊರತೆಯಲ್ಲಿಯೂ ಕಾಣಿಸಬಹುದು. ಕೆಲವು ಗುರುತುಗಳು ಮಾತ್ರ ದಾರಿ ತೋರುತ್ತವೆ. ಹಸಿ ಅಕ್ಕಿ, ಬಳಪ, ವಿಭೂತಿ, ಮಣ್ಣು ಅಥವಾ ಐಸ್ ತಿನ್ನಬೇಕೆಂಬ ತಡೆಯಲಾಗದ ಆಸೆ ಹುಟ್ಟಿದರೆ ಅದನ್ನು ಕೆಟ್ಟ ಚಾಳಿ ಎಂದು ಗದರಬಾರದು. ಅದು ಅನೇಕ ವೇಳೆ ಕಬ್ಬಿಣಾಂಶ ಬರಿದಾಗಿರುವುದರ ಸೂಚನೆ. ಉಗುರು ತೆಳುವಾಗಿ ಚಮಚದಂತೆ ಗುಳಿಬೀಳುವುದೂ ಅಂಥದ್ದೇ. ನಾಲಿಗೆ ಕೆಂಪಗೆ ನುಣುಪಾಗಿ ಉರಿಯುವುದು, ಪಾದ ಜೋಮು ಹಿಡಿಯುವುದು, ಕತ್ತಲಲ್ಲಿ ನಡೆಯುವಾಗ ತೂರಾಡುವುದು, ಮರೆವು ಹೆಚ್ಚುವುದು ಬಿ12ರ ಕಡೆಗೆ ಬೆರಳು ಮಾಡುತ್ತವೆ. ಸೊಂಟ, ತೊಡೆಗಳ ಆಳದಲ್ಲಿ ನೋವಿದ್ದು, ನೆಲದಿಂದ ಏಳುವಾಗ ಕೈಯೂರಬೇಕಾಗಿ ಬಂದರೆ ರಕ್ತಕ್ಕಿಂತ ವಿಟಮಿನ್ ಡಿ ಕೊರತೆಯ ಬಗ್ಗೆ ಯೋಚಿಸಬೇಕು.

ಪರೀಕ್ಷೆ ಆರಂಭವಾಗುವುದು ಸಂಪೂರ್ಣ ರಕ್ತಕಣ ಎಣಿಕೆಯಿಂದ, ಅಂದರೆ ಎಲ್ಲರೂ ಸಿಬಿಸಿ ಎನ್ನುವ ಪರೀಕ್ಷೆಯಿಂದ. ಹಿಮೋಗ್ಲೋಬಿನ್ ಪ್ರತಿ ಡೆಸಿಲೀಟರಿಗೆ ವಯಸ್ಕ ಮಹಿಳೆಯರಲ್ಲಿ 12 ಗ್ರಾಂ, ಪುರುಷರಲ್ಲಿ 13 ಗ್ರಾಂಗಿಂತ ಕಡಿಮೆಯಿದ್ದರೆ ಅದು ರಕ್ತಹೀನತೆ. ಗರ್ಭಿಣಿಯರಿಗೆ ಸಾಮಾನ್ಯವಾಗಿ 11 ಗ್ರಾಂ ಗಡಿ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ಕರ್ನಾಟಕದ 15ರಿಂದ 49 ವರ್ಷದ ಮಹಿಳೆಯರ ಪೈಕಿ ಸುಮಾರು ಶೇ. 48 ಮಂದಿ ಈ ಗಡಿಯ ಕೆಳಗಿದ್ದರು. ಹಿಮೋಗ್ಲೋಬಿನ್ ಅಂಕಿಯನ್ನು ನೋಡಿ ವರದಿಯನ್ನು ಮಡಿಸಿಡುವವರೇ ಹೆಚ್ಚು, ಆದರೆ ಅದರ ಕೆಳಗಿನ ಎಂಸಿವಿ ಎಂಬ ಸಾಲು ಕೆಂಪು ರಕ್ತಕಣದ ಗಾತ್ರವನ್ನು ಹೇಳುತ್ತದೆ. ಅದು 80ಕ್ಕಿಂತ ಕಡಿಮೆಯಿದ್ದರೆ ಕಬ್ಬಿಣಾಂಶದ ಕೊರತೆಯನ್ನೂ, 100ಕ್ಕಿಂತ ಹೆಚ್ಚಿದ್ದರೆ ಬಿ12 ಅಥವಾ ಫೋಲೇಟ್ ಕೊರತೆಯನ್ನೂ ಶಂಕಿಸುತ್ತಾರೆ. ಎರಡೂ ಕೊರತೆಗಳು ಒಟ್ಟಿಗೆ ಇದ್ದಾಗ ಸಣ್ಣ ಕಣ ದೊಡ್ಡ ಕಣ ಬೆರೆತು ಸರಾಸರಿ ಗಾತ್ರ ಸರಿಯಾಗಿಯೇ ಕಂಡು ಮೋಸವಾಗುವುದೂ ಉಂಟು.

ದೇಹದ ಕಣಜದಲ್ಲಿ ಕಬ್ಬಿಣ ಎಷ್ಟು ಉಳಿದಿದೆ ಎಂಬುದನ್ನು ಫೆರಿಟಿನ್ ಪರೀಕ್ಷೆ ತಿಳಿಸುತ್ತದೆ. ಆರೋಗ್ಯವಂತ ವಯಸ್ಕರಲ್ಲಿ ಅದು ಪ್ರತಿ ಮಿಲಿಲೀಟರಿಗೆ 15 ನ್ಯಾನೋಗ್ರಾಂಗಿಂತ ಕಡಿಮೆಯಿದ್ದರೆ ಕೊರತೆ ಖಚಿತ, 30ಕ್ಕಿಂತ ಕಡಿಮೆಯಿದ್ದರೂ ಅನೇಕ ವೈದ್ಯರು ಚಿಕಿತ್ಸೆ ಕೊಡುತ್ತಾರೆ. ಜ್ವರವೋ ಉರಿಯೂತವೋ ಇದ್ದಾಗ ಫೆರಿಟಿನ್ ಸುಳ್ಳಾಗಿ ಏರುವುದರಿಂದ, ಕಾಯಿಲೆ ಬಿದ್ದು ಮಲಗಿರುವಾಗ ಮಾಡಿಸಿದ ವರದಿಯನ್ನು ನೆಚ್ಚಬಾರದು. ರಕ್ತಕಣ ಸಣ್ಣದಿದ್ದು ಫೆರಿಟಿನ್ ಚೆನ್ನಾಗಿಯೇ ಇದ್ದರೆ ಥಲಸೇಮಿಯಾ ಎಂಬ ಹುಟ್ಟಿನಿಂದ ಬರುವ ರಕ್ತದೋಷದ ವಾಹಕರಿರಬಹುದು, ಎಚ್.ಡಿ. ಕೋಟೆ, ಹುಣಸೂರು ಕಡೆಯ ಹಾಡಿಗಳ ಆದಿವಾಸಿ ಕುಟುಂಬಗಳಲ್ಲಿ ಕುಡಗೋಲು ರಕ್ತಕಣ ರೋಗವೂ (ಸಿಕಲ್ ಸೆಲ್) ಇದೆ. ಇಂಥವರಿಗೆ ಅಗತ್ಯವನ್ನು ನೋಡದೆ ವರ್ಷಗಟ್ಟಲೆ ಕಬ್ಬಿಣ ಕೊಟ್ಟರೆ ಲಾಭವಿರಲಿ, ಅದು ದೇಹದಲ್ಲಿ ಶೇಖರವಾಗಿ ಹಾನಿಯಾಗಬಹುದು.

ಕೊರತೆ ಯಾವುದೆಂದು ತಿಳಿದ ಮೇಲೆ ಏಕೆ ಬಂತು ಎಂದು ಕೇಳಬೇಕು. ತೂತು ಬಿದ್ದ ಗುಡಾಣಕ್ಕೆ ನೀರು ಹೊಯ್ದಂತೆ, ರಕ್ತ ಸೋರುತ್ತಿರುವವರಿಗೆ ಮಾತ್ರೆ ಎಷ್ಟು ಕೊಟ್ಟರೂ ಸಾಲದು. ಮಹಿಳೆಯರಲ್ಲಿ ಅತಿಯಾದ ಮುಟ್ಟಿನ ಸ್ರಾವವೇ ಮುಖ್ಯ ಕಾರಣ, ಅದನ್ನು ವೈದ್ಯರ ಮುಂದೆ ಬಾಯಿಬಿಟ್ಟು ಹೇಳಲು ಸಂಕೋಚಪಡುವುದು ಎರಡನೆಯ ಕಾರಣ ಎನ್ನಬಹುದು. ಬರಿಗಾಲಿನಲ್ಲಿ ಗದ್ದೆ, ಕಬ್ಬಿನ ತೋಟದಲ್ಲಿ ದುಡಿಯುವವರಿಗೆ ಕೊಕ್ಕೆಹುಳು ಅಂಟಬಹುದು. ಅದರ ಮರಿ ತೇವದ ಮಣ್ಣಿನಿಂದ ಪಾದದ ಚರ್ಮವನ್ನು ಕೊರೆದು ಒಳಹೊಕ್ಕು, ಕರುಳಿಗೆ ಕಚ್ಚಿಕೊಂಡು ರಕ್ತ ಹೀರುತ್ತದೆ. ಜಂತುಹುಳುವಿಗೆ ಕೊಡುವ 400 ಮಿಲಿಗ್ರಾಂ ಅಲ್ಬೆಂಡಜೋಲ್ ಮಾತ್ರೆಯ ಒಂದು ಉದ್ದೇಶ ಇದೇ. ಮೂಲವ್ಯಾಧಿ, ಮಂಡಿನೋವಿಗೆಂದು ದಿನವೂ ನುಂಗುವ ನೋವಿನ ಮಾತ್ರೆಯಿಂದಾದ ಹೊಟ್ಟೆಹುಣ್ಣು ಇವೂ ಸದ್ದಿಲ್ಲದೆ ರಕ್ತ ಕಳೆಯುತ್ತವೆ. ಪುರುಷರಲ್ಲಿ ಮತ್ತು ಮುಟ್ಟು ನಿಂತ ಮಹಿಳೆಯರಲ್ಲಿ ಕಬ್ಬಿಣಾಂಶದ ಕೊರತೆ ಕಂಡರೆ ಜಠರ, ಕರುಳುಗಳನ್ನು ಪರೀಕ್ಷಿಸದೆ ಬಿಡಬಾರದು, ಏಕೆಂದರೆ ಕರುಳಿನ ಕ್ಯಾನ್ಸರ್ ಕೆಲವೊಮ್ಮೆ ಮೊದಲು ತೋರುವ ಲಕ್ಷಣ ಇದೊಂದೇ.

ಕಬ್ಬಿಣದ ಮಾತ್ರೆಯನ್ನು ಬರಿಹೊಟ್ಟೆಯಲ್ಲಿ, ನಿಂಬೆರಸ ಹಿಂಡಿದ ನೀರಿನೊಂದಿಗೆ ನುಂಗುವುದು ಉತ್ತಮ. ಹೊಟ್ಟೆ ತೊಳಸಿದರೆ ಸ್ವಲ್ಪ ಊಟದ ಮೇಲೆ ತೆಗೆದುಕೊಳ್ಳಬಹುದು. ಹಾಲು, ಕಾಫಿ, ಕ್ಯಾಲ್ಸಿಯಂ ಮಾತ್ರೆ ಅದರ ಜೊತೆಗೆ ಸೇರಬಾರದು. ಮಲ ಕಪ್ಪಾಗುವುದು ಸಹಜ, ಅದಕ್ಕೆ ಹೆದರಿ ಮಾತ್ರೆ ಬಿಡಬೇಕಾಗಿಲ್ಲ. ಒಂದು ಹೊತ್ತು ಕಬ್ಬಿಣ ನುಂಗಿದರೆ ಯಕೃತ್ತು ಹೆಪ್ಸಿಡಿನ್ ಎಂಬ ಹಾರ್ಮೋನನ್ನು ಹೆಚ್ಚಿಸಿ ಸುಮಾರು ಒಂದು ದಿನ ಕರುಳಿನ ಬಾಗಿಲನ್ನು ಅರೆಮುಚ್ಚುತ್ತದೆ. ಹಾಗಾಗಿ ಮಲಬದ್ಧತೆ, ಹೊಟ್ಟೆಯುರಿ ತಾಳಲಾರದವರಿಗೆ ದಿನ ಬಿಟ್ಟು ದಿನ ಒಂದು ಮಾತ್ರೆ ಕೊಡುವ ಕ್ರಮವೂ ಬಳಕೆಯಲ್ಲಿದೆ. ದಿನಕ್ಕೆ ಮೂರು ನುಂಗಿದರೆ ಮೂರು ಪಟ್ಟು ಬೇಗ ವಾಸಿಯಾಗುತ್ತದೆ ಎಂಬುದು ತಪ್ಪು ಲೆಕ್ಕ. ಮಾತ್ರೆ ಹಿಡಿಯುತ್ತಿದ್ದರೆ ನಾಲ್ಕು ವಾರದೊಳಗೆ ಹಿಮೋಗ್ಲೋಬಿನ್ ಒಂದು ಗ್ರಾಮಿನಷ್ಟಾದರೂ ಏರಬೇಕು, ಏರದಿದ್ದರೆ ಕಾರಣವನ್ನು ಮತ್ತೆ ಹುಡುಕಬೇಕು. ಅಂಕಿ ಸರಿಹೋದ ಮೇಲೂ ಕಣಜ ತುಂಬಲು ಸುಮಾರು ಮೂರು ತಿಂಗಳು ಮುಂದುವರಿಸಬೇಕು. ನಮ್ಮವರು ಸೋಲುವುದು ಇಲ್ಲಿಯೇ, ಸುಸ್ತು ಹೋದ ವಾರವೇ ಮಾತ್ರೆಯೂ ಹೋಗುತ್ತದೆ. ಮಕ್ಕಳು ಮಿಠಾಯಿ ಎಂದು ನುಂಗಿದರೆ ಜೀವಕ್ಕೇ ಅಪಾಯ, ಆದ್ದರಿಂದ ಡಬ್ಬಿ ಎತ್ತರದಲ್ಲಿರಲಿ.

ಗರ್ಭಿಣಿಯರಿಗೆ ಸರ್ಕಾರ ಕೊಡುವ ಕೆಂಪು ಮಾತ್ರೆಯಲ್ಲಿ 60 ಮಿಲಿಗ್ರಾಂ ಕಬ್ಬಿಣ, 500 ಮೈಕ್ರೋಗ್ರಾಂ ಫೋಲಿಕ್ ಆಮ್ಲ (ಮಾತ್ರೆಯ ರೂಪದ ಫೋಲೇಟ್) ಇರುತ್ತದೆ. ಅದನ್ನು ನಾಲ್ಕನೆಯ ತಿಂಗಳಿಂದ 180 ದಿನ, ಹೆರಿಗೆಯಾದ ಮೇಲೆ ಮತ್ತೆ 180 ದಿನ ತೆಗೆದುಕೊಳ್ಳಬೇಕು. ಮಾತ್ರೆ ಒಗ್ಗದವರಿಗೆ, ಇಲ್ಲವೇ ದಿನ ತುಂಬುತ್ತಾ ಬಂದರೂ ಹಿಮೋಗ್ಲೋಬಿನ್ ಏರದವರಿಗೆ ರಕ್ತನಾಳದ ಮೂಲಕ ಕಬ್ಬಿಣ ಕೊಡುತ್ತಾರೆ. ಕುಳಿತಲ್ಲೇ ಉಸಿರುಕಟ್ಟುವುದು, ಎದೆನೋವು, ಪ್ರಜ್ಞೆ ತಪ್ಪುವುದು ಅಥವಾ ಗರ್ಭಿಣಿಯಲ್ಲಿ ಹಿಮೋಗ್ಲೋಬಿನ್ 7ಕ್ಕಿಂತ ಕೆಳಗಿಳಿಯುವುದು ತಡಮಾಡದೆ ಆಸ್ಪತ್ರೆಗೆ ಸೇರಬೇಕಾದ ಸ್ಥಿತಿ.

ಇನ್ನು ಊಟದ ವಿಷಯ. ಬೆಲ್ಲದ ಸೀಮೆಯಲ್ಲಿ ಕುಳಿತು ಹೀಗೆ ಹೇಳುವುದು ನನಗೂ ಕಷ್ಟವೇ, ಆದರೆ 10 ಗ್ರಾಂ ಬೆಲ್ಲದಿಂದ ಒಂದು ಮಿಲಿಗ್ರಾಂ ಕಬ್ಬಿಣವೂ ಸಿಗುವುದಿಲ್ಲ, ವಯಸ್ಕ ಮಹಿಳೆಗೆ ದಿನಕ್ಕೆ ಶಿಫಾರಸು ಮಾಡಿರುವುದೋ 29 ಮಿಲಿಗ್ರಾಂ. ಬೀಟ್‌ರೂಟ್, ದಾಳಿಂಬೆ ಕೆಂಪಗಿವೆ ಎಂಬ ಮಾತ್ರಕ್ಕೆ ರಕ್ತವಾಗುವುದಿಲ್ಲ. ನಮ್ಮ ಅಡುಗೆಯಲ್ಲಿ ನಿಜವಾಗಿ ಕೆಲಸಕ್ಕೆ ಬರುವುದು ಕಾಳು ಮತ್ತು ಸೊಪ್ಪು. ರಾಗಿಯಲ್ಲಿ ಕಬ್ಬಿಣ ಇದ್ದರೂ ಅದರಲ್ಲಿರುವ ಫೈಟೇಟ್, ಟ್ಯಾನಿನ್‌ಗಳು ಅದನ್ನು ಹಿಡಿದಿಟ್ಟುಕೊಳ್ಳುತ್ತವೆ. ಮೊಳಕೆ ಬರಿಸಿದಾಗ ಈ ಹಿಡಿತ ಸಡಿಲವಾಗುತ್ತದೆ. ಕೂಸಿನ ರಾಗಿ ಸರಿಗೆ ಮೊಳಕೆ ಕಟ್ಟುವ, ಹುರುಳಿ ಅಲಸಂದೆಗಳನ್ನು ಮೊಳಕೆ ಬರಿಸಿ ಸಾರು ಮಾಡುವ ರೂಢಿಯನ್ನು ಅದಕ್ಕಾಗಿಯೇ ಬಿಡಬಾರದು. ಬಸ್ಸಾರಿನದು ಇನ್ನೂ ಒಳ್ಳೆಯ ಲೆಕ್ಕ: ಫೋಲೇಟ್ ನೀರಿನಲ್ಲಿ ಕರಗಿಹೋಗುವ ವಿಟಮಿನ್, ಸೊಪ್ಪು ಬೇಯಿಸಿದ ನೀರನ್ನು ಚೆಲ್ಲುವ ಮನೆಗಳಲ್ಲಿ ಅದು ಮೋರಿ ಪಾಲಾದರೆ, ಬಸಿದ ಕಟ್ಟನ್ನೇ ಸಾರು ಮಾಡುವ ನಮ್ಮಲ್ಲಿ ಅದರ ಬಹುಪಾಲು ತಟ್ಟೆಗೇ ಬರುತ್ತದೆ. ಮುದ್ದೆ, ಬಸ್ಸಾರು, ಪಲ್ಯದ ಜೊತೆಗೆ ನಿಂಬೆಹೋಳು ಹಿಂಡಿಕೊಂಡರೆ ಅಥವಾ ಊಟದ ಕಡೆಗೆ ಒಂದು ಸೀಬೆಹಣ್ಣು ತಿಂದರೆ ಅದರ ವಿಟಮಿನ್ ಸಿ ಕಬ್ಬಿಣವನ್ನು ಒಳಗೆಳೆಯಲು ನೆರವಾಗುತ್ತದೆ. ಮಾಂಸ, ಮೀನು ತಿನ್ನುವವರಿಗೆ ಅದರ ಕಬ್ಬಿಣ ಸೊಪ್ಪಿನದಕ್ಕಿಂತ ಸುಲಭವಾಗಿ ದಕ್ಕುತ್ತದೆ.

ಇಷ್ಟೆಲ್ಲ ಮಾಡಿ ಊಟವಾದ ಕೂಡಲೇ ಫಿಲ್ಟರ್ ಕಾಫಿ ಕುಡಿದರೆ ಗಳಿಸಿದ್ದರಲ್ಲಿ ಬಹಳಷ್ಟು ಹೋಯಿತೆಂದೇ ತಿಳಿಯಬೇಕು. ಊಟದೊಂದಿಗೆ ಕುಡಿದ ಕಾಫಿ ಕಬ್ಬಿಣ ಹೀರುವಿಕೆಯನ್ನು ಮೂರನೆಯ ಒಂದು ಭಾಗಕ್ಕಿಂತ ಹೆಚ್ಚು, ಟೀ ಅರ್ಧಕ್ಕಿಂತ ಹೆಚ್ಚು ತಗ್ಗಿಸಿದ್ದನ್ನು ಅಳೆದು ನೋಡಿದ್ದಾರೆ. ಊಟಕ್ಕೆ ಒಂದು ಗಂಟೆ ಮೊದಲು ಕುಡಿದ ಕಾಫಿಯಿಂದ ತೊಂದರೆಯಾಗಲಿಲ್ಲ, ಒಂದು ಗಂಟೆ ನಂತರದ್ದರಿಂದ ಆಯಿತು. ಕಾಫಿಯನ್ನು ಬಿಡಿ ಎಂದು ಮೈಸೂರಿನವರಿಗೆ ಹೇಳುವ ಧೈರ್ಯ ನನಗಿಲ್ಲ. ಊಟಕ್ಕೆ ಮುಂಚೆಯೇ ಮುಗಿಸಿಕೊಳ್ಳಿ, ಇಲ್ಲವೇ ಎರಡು ಗಂಟೆ ತಾಳಿ.

ಬಿ12 ಗಿಡಮೂಲದ ಆಹಾರದಲ್ಲಿ ಸಿಗುವುದಿಲ್ಲ ಎನ್ನಬಹುದು. ಸಸ್ಯಾಹಾರಿಗಳಿಗೆ ಹಾಲು, ಮೊಸರೇ ಆಧಾರ. ಮೊಟ್ಟೆ, ಮೀನು, ಲಿವರ್ ತಿನ್ನುವವರಿಗೆ ಹೆಚ್ಚು ಸಿಗುತ್ತದೆ. ಸಕ್ಕರೆ ಕಾಯಿಲೆಗೆ ವರ್ಷಗಟ್ಟಲೆ ಮೆಟ್‌ಫಾರ್ಮಿನ್ ನುಂಗುವವರಲ್ಲಿ, ಗ್ಯಾಸ್ಟ್ರಿಕ್ ಎಂದು ದಿನವೂ ಪ್ಯಾಂಟೊಪ್ರಜೋಲ್ ಬಳಸುವವರಲ್ಲಿ ಅದರ ಹೀರುವಿಕೆ ಕುಗ್ಗುತ್ತದೆ. ನಮ್ಮ ಅಮ್ಮನಿಗೆ ಈ ಎರಡೂ ಮಾತ್ರೆಗಳಿದ್ದವು. ರಕ್ತದಲ್ಲಿ ಬಿ12 ಪ್ರತಿ ಮಿಲಿಲೀಟರಿಗೆ 200 ಪಿಕೋಗ್ರಾಂಗಿಂತ ಕಡಿಮೆಯಿದ್ದರೆ ಕೊರತೆ. ಮಾತ್ರೆ ಆರಂಭಿಸಿದ ಮೇಲೆ ಅಂಕಿ ಏರಿಬಿಡುವುದರಿಂದ ಪರೀಕ್ಷೆಗೆ ರಕ್ತವನ್ನು ಅದಕ್ಕೆ ಮೊದಲೇ ಕೊಡಬೇಕು. ನರಕ್ಕೆ ಪೆಟ್ಟಾಗಿದ್ದರೆ ಚುಚ್ಚುಮದ್ದು, ಸೌಮ್ಯ ಕೊರತೆಗೆ ದಿನಕ್ಕೆ 1000 ಮೈಕ್ರೋಗ್ರಾಂ ಮಾತ್ರೆ ಸಾಮಾನ್ಯ ಕ್ರಮ. ಬಿ12 ಕೊರತೆ ಇರುವವರು ಫೋಲಿಕ್ ಆಮ್ಲವನ್ನು ಮಾತ್ರ ನುಂಗಿದರೆ ರಕ್ತದ ವರದಿ ಸುಧಾರಿಸಿದಂತೆ ಕಂಡರೂ ನರದ ಹಾನಿ ಒಳಗೊಳಗೇ ಮುಂದುವರಿಯಬಹುದು. ತಡವಾದರೆ ನರ ಪೂರ್ತಿ ಚೇತರಿಸಿಕೊಳ್ಳದೆಯೂ ಇರಬಹುದು. ಅಮ್ಮನ ಎಡಪಾದದ ಜೋಮು ಇನ್ನೂ ಉಳಿದಿದೆ.

ವಿಟಮಿನ್ ಡಿ ಬಗ್ಗೆ ಎರಡು ತಪ್ಪು ತಿಳಿವಳಿಕೆಗಳಿವೆ. ಮುಂಜಾನೆಯ ಎಳೆಬಿಸಿಲು ಹಿತವಾದರೂ ಈ ವಿಟಮಿನ್ ಹುಟ್ಟಿಸುವ ಕಿರಣಗಳು ಅದರಲ್ಲಿ ಕಡಿಮೆ. ಹೊತ್ತೇರಿದ ಮೇಲೆ, ಹನ್ನೊಂದರಿಂದ ಎರಡು ಗಂಟೆಯೊಳಗೆ ಸ್ವಲ್ಪ ಹೊತ್ತು ತೋಳು, ಕಾಲುಗಳಿಗೆ ಬಿಸಿಲು ತಾಗಬೇಕು, ಕಿಟಕಿಯ ಗಾಜಿನ ಹಿಂದೆ ಕುಳಿತರೆ ಪ್ರಯೋಜನವಿಲ್ಲ. ಎರಡನೆಯ ತಪ್ಪು ಹೆಚ್ಚು ಅಪಾಯದ್ದು: 60,000 ಯೂನಿಟ್‌ನ ಪುಡಿಯ ಪೊಟ್ಟಣವನ್ನು ವಾರಕ್ಕೊಂದರಂತೆ, ಸಾಮಾನ್ಯವಾಗಿ ಎಂಟು ವಾರ ಕೊಡುತ್ತಾರೆ, ಅದನ್ನು ದಿನಕ್ಕೊಂದೆಂದು ತಿಳಿದು ಕುಡಿದವರು ರಕ್ತದಲ್ಲಿ ಕ್ಯಾಲ್ಸಿಯಂ ಮಿತಿಮೀರಿ ಆಸ್ಪತ್ರೆ ಸೇರಿದ್ದಾರೆ. ಓದು ಬಾರದ ಹಿರಿಯರಿಗೆ ಎಂಟನ್ನೂ ಒಟ್ಟಿಗೆ ತಂದುಕೊಡದೆ, ಸಂತೆಯ ದಿನಕ್ಕೊಂದರಂತೆ ನೀವೇ ಕೈಗೆ ಕೊಡಿ.