ಹಳೇ ಕ್ಷೌರದ ಕತ್ತಿಗೆ ಸಾಣೆ ಹಿಡಿಯೋದು

ಈಗ ಸಲೂನುಗಳಲ್ಲಿ ಅರ್ಧ ಬ್ಲೇಡು ಮುರಿದು ಸಿಕ್ಕಿಸುವ ಕತ್ತಿಯೇ ಜಾಸ್ತಿ. ಅದಕ್ಕೆ ಸಾಣೆ ಬೇಕಿಲ್ಲ, ಬ್ಲೇಡು ಬಿಸಾಕಿದರೆ ಆಯ್ತು. ನಾನು ಹೇಳುತ್ತಿರುವುದು ಮಡಚುವ ಹಳೇ ಕತ್ತಿಯ ವಿಷಯ. ನಮ್ಮಪ್ಪ ಅಂಗಡಿಯಲ್ಲಿ ಬಳಸುತ್ತಿದ್ದದ್ದು ಜರ್ಮನಿಯ ಸೋಲಿಂಗೆನ್ ಊರಿನದು. ಈಗ ನನ್ನ ಗಡ್ಡಕ್ಕೂ ಅದೇ. ಅಂಥದ್ದು ನಿಮ್ಮ ಟ್ರಂಕಿನಲ್ಲಿ ಬಿದ್ದಿದ್ದರೆ ಮೊದಲು ಬಾಯಿ ನೋಡಿ. ಮುಕ್ಕಾಗಿದ್ದರೆ, ತುಕ್ಕು ತಿಂದು ಗುಳಿ ಬಿದ್ದಿದ್ದರೆ, ಬಲ್ಲವರ ಕೈಗೆ ಕೊಡಿ.

ಮಚ್ಚು ಮಸೆಯುವ ಒರಟು ಕಲ್ಲು ಬೇಡವೇ ಬೇಡ. 1000, 4000, 8000 ಗ್ರಿಟ್‌ನ ಕಲ್ಲು ಸಾಕು. ಈ ಗ್ರಿಟ್ ಸಂಖ್ಯೆ ಹೆಚ್ಚಿದಷ್ಟೂ ಕಲ್ಲು ನುಣುಪು. 12000 ಇದ್ದರೆ ಕೆನ್ನೆಗೆ ಇನ್ನೂ ಹಿತ. ಕಲ್ಲು ಮಾತ್ರ ಸಮತಟ್ಟಾಗಿರಬೇಕು. ಅದರ ಮೇಲೆ ಪೆನ್ಸಿಲಿನಿಂದ ಗೀಟು ಎಳೆಯಿರಿ. ದಪ್ಪ ಗಾಜಿನ ಮೇಲೆ ಒದ್ದೆ ವಾಟರ್ ಪೇಪರ್ (ನೀರು ಹಾಕಿ ಉಜ್ಜುವ ಮರಳು ಕಾಗದ) ಹಾಸಿ, ಗೀಟೆಲ್ಲ ಅಳಿಸುವ ತನಕ ಕಲ್ಲನ್ನು ಅದರ ಮೇಲೆ ಉಜ್ಜಿ.

ಕೋನ ಎಷ್ಟು ಅಂತ ತಲೆ ಕೆಡಿಸಿಕೊಳ್ಳಬೇಡಿ. ಕತ್ತಿ ಮಾಡಿದವನೇ ಬೆನ್ನಿನ ದಪ್ಪದಲ್ಲಿ ಅದನ್ನು ಇಟ್ಟುಬಿಟ್ಟಿದ್ದಾನೆ. ಬೆನ್ನು, ಬಾಯಿ ಎರಡೂ ಕಲ್ಲಿಗೆ ತಾಗಿರಲಿ. ಬೆನ್ನು ಎತ್ತಿದಿರೋ, ಕೆಟ್ಟಿತು. ಬಾಯಿ ಮುಂದೆ ಮಾಡಿ ತಳ್ಳಿ, ಕಲ್ಲಿನ ಕೊನೆಯಲ್ಲಿ ಬೆನ್ನಿನ ಮೇಲೆ ಹೊರಳಿಸಿ, ಮತ್ತೆ ಬಾಯಿ ಮುಂದಾಗಿಯೇ ಎಳೆದುಕೊಳ್ಳಿ. ಕಲ್ಲು ಕಿರಿದಾಗಿದ್ದರೆ ಓರೆಯಾಗಿ ಜಾರಿಸಿ: ಶುರುವಿನಲ್ಲಿ ಬುಡ ಕಲ್ಲಿನ ಮೇಲಿರಲಿ, ಕೊನೆಯಲ್ಲಿ ಮೊನೆ.

ಮೊದಲು 1000ದ ಕಲ್ಲು. ಅದರ ಮೇಲೆ ನೀರು ಹಾಕಿಕೊಂಡು ಮಸೆಯುವಾಗ ಕಣ್ಣು ಆ ನೀರಿನ ಮೇಲಿರಲಿ. ಬಾಯಿ ಸರಿಯಾಗಿ ಕೂತಿದ್ದರೆ ಎದುರಿನ ನೀರು ಸಣ್ಣ ಅಲೆಯಾಗಿ ಅಲಗಿನ ಮೇಲೇರುತ್ತದೆ. ಎಲ್ಲಾದರೂ ನೀರು ಅಡಿಗೆ ನುಸುಳುತ್ತಿದೆ ಅಂದರೆ ಅಲ್ಲಿ ಬಾಯಿ ಕಲ್ಲಿಗೆ ತಾಗುತ್ತಿಲ್ಲ. ಗುಟ್ಟೆಲ್ಲ ಇರುವುದು ಈ 1000ದ ಕಲ್ಲಿನಲ್ಲೇ. ಬಹಳ ಜನ ಇಲ್ಲಿ ಅವಸರ ಮಾಡಿ, ಆಮೇಲೆ ನುಣುಪು ಕಲ್ಲನ್ನು ಬೈಯುತ್ತಾರೆ. ಬಾಯಿಯನ್ನು ಮೇಲೆ ಮಾಡಿ ದೀಪದ ಕೆಳಗೆ ಹಿಡಿಯಿರಿ. ಎಲ್ಲಾದರೂ ಬಿಳಿ ಚುಕ್ಕೆ ಹೊಳೆದರೆ ಅಲ್ಲಿ ಇನ್ನೂ ಮೊಂಡು. ಹರಿತವಾದ ಬಾಯಿ ಬೆಳಕನ್ನು ತಿರುಗಿಸುವುದೇ ಇಲ್ಲ. ಬುಡದಿಂದ ಮೊನೆವರೆಗೆ ಎಲ್ಲ ಕಡೆ ಮುಂಗೈ ಕೂದಲು ಹೋಗುವ ತನಕ ಮುಂದಿನ ಕಲ್ಲಿಗೆ ಕೈ ಹಾಕಬೇಡಿ.

4000, 8000ದ ಕೆಲಸ ಹಿಂದಿನ ಕಲ್ಲಿನ ಗೀರು ಅಳಿಸೋದಷ್ಟೆ. ಹೋಗ್ತಾ ಹೋಗ್ತಾ ಕೈ ಹಗುರ ಮಾಡಿ, ಕೊನೆಗೆ ಕತ್ತಿಯ ಭಾರವೇ ಸಾಕು.

ಆಮೇಲೆ ಚರ್ಮದ ಪಟ್ಟಿ. ಇಲ್ಲಿ ದಿಕ್ಕು ಉಲ್ಟಾ: ಬೆನ್ನು ಮುಂದೆ, ಬಾಯಿ ಹಿಂದೆ. ಮರೆತರೆ ಪಟ್ಟಿ ಸೀಳುತ್ತದೆ, ಬಾಯಿಯೂ ಹೋಗುತ್ತದೆ. ಪಟ್ಟಿ ಬಿಗಿಯಾಗಿರಲಿ, ಜೋಲು ಬಿದ್ದರೆ ಬಾಯಿ ದುಂಡಗಾಗುತ್ತದೆ. ಒಂದು ಐವತ್ತು ಸಲ ನಿಧಾನಕ್ಕೆ ಎಳೆಯಿರಿ. ಸಿನಿಮಾದಲ್ಲಿ ಪಟಪಟ ಅಂತ ಬಡಿಯುವುದೆಲ್ಲ ಸುಮ್ನೆ ಶೋಕಿ.

ದಿನಾ ಗಡ್ಡಕ್ಕೆ ಮುಂಚೆ ಪಟ್ಟಿ ಸಾಕು. ಪಟ್ಟಿಗೂ ಬಗ್ಗದೆ ಕತ್ತಿ ಕೂದಲು ಜಗ್ಗತೊಡಗಿದರೆ 8000ದ ಮೇಲೆ ಒಂದಿಷ್ಟು ಆಡಿಸಿ. ಮತ್ತೆ 1000ಕ್ಕೆ ಹೋಗಿ ಉಕ್ಕು ಸವೆಸಬೇಡಿ.