ಕಾಕಂಬಿಯಲ್ಲಿ ನೆನೆಸಿ ಉಳಿಸಿಕೊಂಡ ಸ್ಪಿಟ್‌ಫೈರ್ ಚಕ್ರಗಳು: ನನ್ನ ಅನುಭವ

ಸಕ್ಕರೆ ಮಾಡಿದ ಮೇಲೆ ಉಳಿಯುವ ಕಪ್ಪು ಪಾಕ, ಕಾಕಂಬಿ ಅಂದ್ರೆ ಮಂಡ್ಯದಲ್ಲಿ ಗೊತ್ತಿಲ್ಲದವರಿಲ್ಲ. ಆದರೂ ಟ್ರಯಂಫ್ ಸ್ಪಿಟ್‌ಫೈರ್ ಅನ್ನೋ ನನ್ನ ಹಳೇ ಇಂಗ್ಲಿಷ್ ಕಾರಿನ ತುಕ್ಕು ಹಿಡಿದ ಚಕ್ರಗಳನ್ನ ಅದರಲ್ಲಿ ನೆನೆಹಾಕ್ತೀನಿ ಅಂದಾಗ ಇಲ್ಲಿಯವರೇ ನಂಬಲಿಲ್ಲ. ಮೈಸೂರಿನ ಹಳೇ ಕಾರಿನ ಗೆಳೆಯರಂತೂ "ದನಕ್ಕೆ ಹಾಕೋದನ್ನ ಟ್ರಯಂಫ್‌ಗೆ ಹಾಕ್ತೀಯೇನೋ" ಅಂತ ಸಿಕ್ಕಾಗಲೆಲ್ಲ ಆಡಿಕೊಂಡರು. ಈಗ ಅದೇ ಚಕ್ರಗಳ ಮೇಲೆ ಗಾಡಿ ಎರಡು ಮಳೆಗಾಲ ಕಳೆದಿದೆ. ಚಕ್ರದ ಸಂದಿನಿಂದ ಒಂದು ಗೆರೆ ತುಕ್ಕೂ ಇಳಿದಿಲ್ಲ. ಆಡಿಕೊಂಡವರಲ್ಲೇ ಇಬ್ಬರು ಚಕ್ರ ನೆನೆಹಾಕೋಕೆ ಡ್ರಮ್ ತಂದಿಟ್ಟುಕೊಂಡಿದ್ದಾರೆ. ಅವರಿಗೂ ಇನ್ನುಳಿದವರಿಗೂ ಒಂದೇ ಸಲ ಹೇಳಿಬಿಡೋಣ ಅಂತ ಬರೆಯುತ್ತಿದ್ದೇನೆ.

ಗಾಡಿ 1967ರ ಸ್ಪಿಟ್‌ಫೈರ್ ಮಾರ್ಕ್ 3. ನೀಲಗಿರಿ ಕಡೆಯ ಟೀ ಎಸ್ಟೇಟಿನ ಶೆಡ್ಡಿನಲ್ಲಿ ವರ್ಷಾನುಗಟ್ಟಲೆ ನಿಂತಿತ್ತು. ಇಂಜಿನ್ ಕಥೆ ಇಲ್ಲಿ ಬೇಡ. ಟೈರಿನ ಗಾಳಿ ಹೋಗಿ ರಿಮ್ಮು ಒದ್ದೆ ನೆಲಕ್ಕೆ ಕೂತು, ಐದರಲ್ಲಿ ಎರಡು ಚಕ್ರ ಕೈಬಿಟ್ಟಿದ್ದವು. ಟೈರ್ ಕೂರುವ ಅಂಚಿಗೆ ಸ್ಕ್ರೂಡ್ರೈವರ್ ಒತ್ತಿದರೆ ಆಚೆ ಬರುತ್ತಿತ್ತು. ಉಳಿದ ಮೂರರಲ್ಲಿ ಜೀವ ಇತ್ತು.

ಅಲಾಯ್ ಚಕ್ರ ಹಾಕಿಸು ಅಂತ ಎಲ್ಲರ ಸಲಹೆ. ಈ ಗಾಡಿಯ ಪಿಸಿಡಿ (ಚಕ್ರ ಬಿಗಿಯುವ ಸ್ಟಡ್ಡುಗಳು, ಅಂದರೆ ಬೋಲ್ಟುಗಳು, ಕೂತ ವೃತ್ತದ ವ್ಯಾಸ) ನಾಲ್ಕು ಸ್ಟಡ್ಡಿಗೆ 95.25 ಮಿ.ಮೀ., ಅಂದರೆ ಮೂರೂಮುಕ್ಕಾಲು ಇಂಚು. ಪೇಟೆಯಲ್ಲಿ ಸಿಗುವ 13 ಇಂಚಿನ ಅಲಾಯ್ 4-100, ಅಂದರೆ ನಾಲ್ಕು ತೂತಿಗೆ 100 ಮಿ.ಮೀ. "ಐದು ಮಿಲಿ ತಾನೇ ಸಾ, ತೂತು ಎಳೆದು ಕೂರಿಸ್ಬುಡನ" ಅಂದ ಅಂಗಡಿಯವನ ಮುಂದೆ ನಾನು ಮತ್ತೆ ನಿಲ್ಲಲಿಲ್ಲ. ನಟ್ಟಿನ ಇಳಿಜಾರು ತುದಿ (ಕೋನ್) ಚಕ್ರದ ತೂತಿನಲ್ಲಿರುವ ತನ್ನ ಸೀಟಿನಲ್ಲಿ ಸುತ್ತಲೂ ಕೂರದಿದ್ದರೆ ಬಿಗಿ ನಿಲ್ಲೋದಿಲ್ಲ, ಸ್ಟಡ್ಡಿನ ಮೇಲೆ ಓರೆ ಭಾರ ಬೀಳುತ್ತೆ. ಅಷ್ಟು ಸಣ್ಣ ಸ್ಟಡ್ಡಿನಲ್ಲಿ ಆ ಆಟ ಬೇಡವೇ ಬೇಡ. ಇಂಗ್ಲೆಂಡಿನಿಂದ ತರಿಸುವ ಲೆಕ್ಕವನ್ನೂ ಹಾಕಿದೆ. ಚಕ್ರ, ಸಾಗಾಣಿಕೆ, ಕಸ್ಟಮ್ಸ್ ಎಲ್ಲ ಸೇರಿ ಐದಕ್ಕೆ ಒಂದು ಲಕ್ಷ ದಾಟುತ್ತಿತ್ತು.

ನಮ್ಮ ದೇಶದಲ್ಲಿ ಸ್ಪಿಟ್‌ಫೈರ್ ಇಟ್ಟುಕೊಂಡವರ ಪುಣ್ಯ ಅಂದ್ರೆ ಮದ್ರಾಸಿನಲ್ಲಿ ತಯಾರಾದ ಸ್ಟ್ಯಾಂಡರ್ಡ್ ಹೆರಾಲ್ಡ್ ಕಾರು. ಎರಡೂ ಒಂದೇ ತಾಯಿ ಮಕ್ಕಳು. ಎರಡರ ಬಾಡಿಯನ್ನೂ ಬರೆದವರು ಇಟಲಿಯ ಮಿಕೆಲೊಟ್ಟಿ, ಮುಂದಿನ ಸಸ್ಪೆನ್ಷನ್ನಿಗೂ ಒಂದೇ ಬುಡ, ಚಕ್ರದ ಪಿಸಿಡಿಯೂ ಅದೇ. ನಾಗಮಂಗಲದ ಕಡೆ ತೋಟವೊಂದರಲ್ಲಿ ಕೋಳಿಗೂಡಾಗಿ ನಿಂತಿದ್ದ ಹೆರಾಲ್ಡ್ ಬಗ್ಗೆ ಕಿವಿಗೆ ಬಿತ್ತು. ತೋಟದವರು ಮೊದಲು "ತಗೊಂಡ್ ಹೋಗ್ ಸಾಮಿ, ಏನ್ ಮಾಡನ ಇಟ್ಕೊಂಡು" ಅಂದರು. ನಾನು ಚಕ್ರ ತಿರುಗಿಸಿ ನೋಡುವ ರೀತಿ ಕಂಡು ರೇಟು ಹೇಳಿದರು. ಒಂದಕ್ಕೆ ಸಾವಿರದ ಐನೂರರ ಹತ್ತಿರ ಕೊಟ್ಟು ನಾಲ್ಕೂ ತಂದೆ. ಅದರಲ್ಲಿ ಎರಡು ಕೆಲಸಕ್ಕೆ ಬಂದವು.

ದುಡ್ಡು ಹೋಗಿದ್ದು ಇಲ್ಲಿಂದ ಮುಂದೆ. ಮೊದಲ ಸುತ್ತಿನಲ್ಲಿ ಎಲ್ಲರೂ ಹೇಳುವ ದಾರಿ: ಆಸಿಡ್ಡಿನಲ್ಲಿ ಅದ್ದಿಸಿ ಪೌಡರ್ ಕೋಟಿಂಗ್, ಅಂದರೆ ಬಣ್ಣದ ಪುಡಿ ಹೊಡೆದು ಒಲೆಯಲ್ಲಿ ಕಾಯಿಸೋದು. ಒಲೆಯಿಂದ ಬಂದಾಗ ಹೊಸ ಪಾತ್ರೆ ಥರ ಹೊಳೆಯುತ್ತಿದ್ದವು. ಮಳೆಗಾಲ ಮುಗಿಯುವಷ್ಟರಲ್ಲಿ ರಿಮ್ಮೂ ಸೆಂಟರ್ ಪ್ಲೇಟೂ ಸೇರುವ ಸಂದಿನಿಂದ ಕಂದು ಬಣ್ಣದ ನೀರು ಗೆರೆಗೆರೆಯಾಗಿ ಇಳಿಯೋಕೆ ಶುರುವಾಯಿತು. ಆ ಸಂದಿಗೆ ಹೊಕ್ಕ ಆಸಿಡ್ ಆಚೆ ಬರೋದೇ ಇಲ್ಲ. ಮೇಲೆ ಕೋಟಿಂಗ್ ಮುಚ್ಚಿದ ಮೇಲೆ ಒಳಗೇ ಕೂತು ತಿನ್ನುತ್ತೆ. ಇನ್ನೊಂದು ತೊಂದರೆ ನಟ್ಟಿನ ಸೀಟಿನದು. ಕೋಟಿಂಗ್ ಅಂಗಡಿಯವರು ಕೋನ್ ಸೀಟನ್ನೂ ಹಬ್‌ಗೆ (ಚಕ್ರ ಕೂರುವ ಗಾಡಿಯ ಭಾಗ) ಕೂರುವ ಮುಖವನ್ನೂ ಮರೆಮಾಡದೆ ಪುಡಿ ಹೊಡೆದಿದ್ದರು. ಆ ಪದರ ನಟ್ಟಿನ ಕೆಳಗೆ ಅದುಮಿಕೊಂಡು, ಬಿಗಿ ಮಾಡಿದ ನಟ್ಟುಗಳು ಶ್ರೀರಂಗಪಟ್ಟಣಕ್ಕೆ ಹೋಗಿ ಬರುವಷ್ಟರಲ್ಲಿ ಸಡಿಲ. ಆ ಸುತ್ತಿನಲ್ಲಿ ಎಂಟೊಂಬತ್ತು ಸಾವಿರ ನೀರಿಗೆ ಹೋಯಿತು.

ಆಮೇಲೆ ಸ್ಯಾಂಡ್ ಬ್ಲಾಸ್ಟಿಂಗ್. ಮೇಲ್ಮೈ ಚೊಕ್ಕಟವಾಯಿತು, ಸಂದಿಗೆ ಮರಳು ಹೋಗಿ ಗಟ್ಟಿಯಾಗಿ ಕೂತಿತು. ಮರಳಿದ್ದ ಕಡೆ ತೇವ, ತೇವ ಇದ್ದ ಕಡೆ ತುಕ್ಕು. ವಾಷಿಂಗ್ ಸೋಡಾ, ಬ್ಯಾಟರಿ ಚಾರ್ಜರ್, ಕಂಬಿ ಇಟ್ಟು, ನೀರಲ್ಲಿ ಕರೆಂಟ್ ಹಾಯಿಸಿ ತುಕ್ಕು ಬಿಡಿಸುವ ಎಲೆಕ್ಟ್ರೋಲಿಸಿಸ್ ಕೂಡ ಮಾಡಿದೆ. ಕಂಬಿಗೆ ಎದುರಾಗಿ ಕಾಣುವ ಮೈಯಷ್ಟೇ ಅದರಲ್ಲಿ ಶುಚಿಯಾಗೋದು, ಸಂದಿನ ಒಳಗೆ ಅದರ ಕೈ ಹೋಗೋದಿಲ್ಲ. ಹಿತ್ತಲಿನ ಕರೆಂಟ್ ಬಿಲ್ಲು ಮಾತ್ರ ಏರಿತು. ಒಟ್ಟಾರೆ ಹದಿನೆಂಟು ಸಾವಿರ ಕಳೆದಾಗ ಮನೆಯಲ್ಲಿ ಮಾತು ಬಂತು.

ಕಾಕಂಬಿ ನೀರಿನಲ್ಲಿ ತುಕ್ಕು ಬಿಡಿಸುವುದು ಹೊರದೇಶದ ಹಳೇ ಟ್ರಾಕ್ಟರ್ ಮಂದಿಗೆ ಹೊಸದೇನಲ್ಲ. ಹೊಸದು ಅಂದ್ರೆ ಅದನ್ನ ಈ ಸಂದಿನ ಕೆಲಸಕ್ಕೇ ಅಂತ ನಾನು ಹದ ಮಾಡಿಕೊಂಡಿದ್ದು. 1933ರಿಂದ ಮೈಷುಗರ್ ಸಕ್ಕರೆ ಫ್ಯಾಕ್ಟರಿ ಇರುವ ಊರಲ್ಲಿ ಕಾಕಂಬಿ ಸಲೀಸಾಗಿ ಸಿಗುತ್ತೆ ಅಂದುಕೊಳ್ಳಬೇಡಿ. ಡಿಸ್ಟಿಲರಿಗೆ ಹೋಗುವ ಮಾಲಾದ್ದರಿಂದ ಅದಕ್ಕೆ ಅಬಕಾರಿ ಕಣ್ಣಿದೆ, ಫ್ಯಾಕ್ಟರಿ ಬಾಗಿಲಲ್ಲಿ ಕ್ಯಾನ್ ಹಿಡಿದು ನಿಂತರೆ ಯಾರೂ ಕೊಡಲ್ಲ. ಹಿಂಡಿ-ಬೂಸಾ ಅಂಗಡಿಯಲ್ಲಿ ದನದ ಮೇವಿಗೆ ಅಂತ ಮಾರುತ್ತಾರೆ, ಅಲ್ಲಿ ಕೇಳಿ. ನನಗೆ ಇಪ್ಪತ್ತೈದು ಕಿಲೋ ಹತ್ತಿರ ಬೇಕಾಯಿತು, ಕೊಟ್ಟಿದ್ದು ಏಳುನೂರರ ಆಸುಪಾಸು.

ಇನ್ನೂರು ಲೀಟರಿನ ನೀಲಿ ಡ್ರಮ್ಮಿನ ಮೇಲ್ಭಾಗ ಕುಯ್ದೆ. ಒಂದು ಪಾಲು ಕಾಕಂಬಿಗೆ ಎಂಟೊಂಬತ್ತು ಪಾಲು ನೀರು. ಕಾಕಂಬಿಯನ್ನ ಮೊದಲು ಬಿಸಿನೀರಲ್ಲಿ ಕದಡದಿದ್ದರೆ ತಳದಲ್ಲಿ ಅಂಟಿನ ಮುದ್ದೆಯಾಗಿ ಕೂತುಬಿಡುತ್ತೆ. ಪೇಂಟು, ಗ್ರೀಸು, ಬ್ಯಾಲೆನ್ಸಿಂಗ್ ಸೀಸ ಎಲ್ಲ ತೆಗೆದೇ ಇಳಿಸಬೇಕು. ಈ ನೀರು ತುಕ್ಕನ್ನ ಹಿಡಿಯುತ್ತೆ, ಪೇಂಟನ್ನ ಮುಟ್ಟಲ್ಲ. ಚಕ್ರದ ನಡುವೆ ಇಟ್ಟಿಗೆ ಚೂರು ಕೊಟ್ಟು ಒಂದರ ಮೇಲೊಂದು ಮಲಗಿಸಿದೆ. ಪೂರ್ತಿ ಮುಳುಗಿರಲೇಬೇಕು. ಅರ್ಧ ಹೊರಗಿದ್ದರೆ ನೀರಿನ ಮಟ್ಟಕ್ಕೆ ಸರಿಯಾಗಿ ಉಕ್ಕಿನ ಮೇಲೆ ಕೊರೆದ ಗೆರೆ ಬೀಳುತ್ತೆ, ಅದು ಹೋಗೋದಿಲ್ಲ. ಮುಚ್ಚಳ ಬಿಗಿಯಬೇಡಿ. ಹುಳಿ ಬಂದು ಗಾಳಿ ಏಳುತ್ತೆ, ಸೊಳ್ಳೆ ಪರದೆ ಕಟ್ಟಿದರೆ ಸಾಕು. ಸುತ್ತ ಇರುವೆ ಪುಡಿ ಹಾಕಿ.

ಏಪ್ರಿಲ್ ಬಿಸಿಲಿಗೆ ಇಟ್ಟಿದ್ದೇ ಒಳ್ಳೆಯದಾಯಿತು. ಚಳಿಗಾಲದಲ್ಲಿ ಇದು ನಿದ್ದೆ ಮಾಡುತ್ತೆ. ಮೊದಲ ವಾರ ಏನೂ ಕಾಣಲಿಲ್ಲ, ಮೇಲೆ ಬಿಳೀ ಬೂಷ್ಟು, ಹುಳಿ ವಾಸನೆ. ಅಕ್ಕಪಕ್ಕದವರು "ಅದೇನ್ ಕಾಯಿಸ್ತಿದ್ದೀರ ಅಣ್ಣ ಹಿತ್ಲಲ್ಲಿ" ಅಂತ ಒಬ್ಬರಾದ ಮೇಲೊಬ್ಬರು ವಿಚಾರಿಸಿದರು. ಕರೆದು ಪರದೆ ತೆಗೆದು ತೋರಿಸಿದೆ. ಮೂರು ವಾರದ ಹೊತ್ತಿಗೆ ಎತ್ತಿದಾಗ ಚಕ್ರದ ಮೇಲೆ ಕರೀ ಲೋಳೆ. ಪ್ರೆಷರ್ ವಾಷರ್ ಹಿಡಿದೆ. ಲೋಳೆ ಹಾಳೆಹಾಳೆಯಾಗಿ ಜಾರಿ ಕೆಳಗಿನಿಂದ ಬೂದು ಬಣ್ಣದ ಉಕ್ಕು ಎದ್ದು ಬಂತು. ಸೆಂಟರ್ ಪ್ಲೇಟಿನ ಹಿಂದೆ ಪಂಚ್ ಮಾಡಿದ್ದ ಅಂಕಿಗಳು ಕಂಡವು. ಅಲ್ಲಿ ಅಂಕಿ ಇದೆ ಅಂತ ಅಲ್ಲಿಯವರೆಗೆ ನನಗೆ ಗೊತ್ತೇ ಇರಲಿಲ್ಲ. ಸಂದಿನ ಒಂದು ಕಡೆಯಿಂದ ಕಂಪ್ರೆಸರ್ ಗಾಳಿ ಬಿಟ್ಟರೆ ಮತ್ತೊಂದು ಕಡೆ ಕರೀ ನೀರು ಚಿಮ್ಮಿತು. ನೀರು ತಿಳಿಯಾಗುವವರೆಗೆ ಮತ್ತೆ ಮತ್ತೆ ಬಿಟ್ಟೆ. ಕೊನೆಗೆ ಸಂದು ಅಳೆಯುವ ಫೀಲರ್ ಗೇಜಿನ ತೆಳುವಾದ ಎಲೆ ಸಂದಿನೊಳಗೆ ಸಲೀಸಾಗಿ ಓಡಿತು. ಆಸಿಡ್ಡಿಗೂ ಮರಳಿಗೂ ಆಗದ ಕೆಲಸ ಅದು.

ತೊಳೆದ ಮೇಲೆ ಸಮಯ ಕಳೆಯುವ ಹಾಗಿಲ್ಲ. ಕಣ್ಣೆದುರೇ ಕೇಸರಿ ಬಣ್ಣ ತಿರುಗುತ್ತೆ. ಅಡುಗೆ ಸೋಡಾ ನೀರಲ್ಲಿ ಜಾಲಾಡಿ, ಗಾಳಿ ಬಿಟ್ಟು, ಹೀಟ್ ಗನ್ನಿನಿಂದ ಸಂದು ಬಿಸಿಯಾಗುವವರೆಗೆ ಒಣಗಿಸಿ, ಅದೇ ದಿನ ಎಪಾಕ್ಸಿ ಪ್ರೈಮರ್ ಹೊಡೆಯಬೇಕು. ಪ್ರೈಮರ್‌ಗೆ ಮುಂಚೆ ಬಿಸಿ ಸಂದಿಗೆ ನಾನು ಒಂದು ದ್ರವ ಇಳಿಸುತ್ತೇನೆ, ತಾನಾಗೇ ಎಳೆದುಕೊಂಡು ಸುತ್ತ ಓಡುತ್ತೆ. ಅದೇನು, ಯಾವುದರಲ್ಲಿ ಎಷ್ಟು ತೆಳು ಮಾಡಿದ್ದು ಅನ್ನೋದನ್ನ ಇಲ್ಲಿ ಬರೆಯಲ್ಲ. ಅದಕ್ಕೆ ನನ್ನ ಒಂದು ವರ್ಷ ಹೋಗಿದೆ.

ಪ್ರೈಮರ್ ಹೊಡೆಯುವ ಮೊದಲೇ ಮಾಡಬೇಕಾದ ಎರಡು ಕೆಲಸ ಬಿಡಬೇಡಿ. ಕಣ್ಣಿಗೆ ಕಾಣದ ಬಿರುಕು ತೋರಿಸುವ ಡೈ ಪೆನೆಟ್ರಂಟ್ ಮೂರು ಡಬ್ಬಿಯ ಸೆಟ್ಟು ತಂದು ಸ್ಟಡ್ ತೂತಿನ ಸುತ್ತ ಹೊಡೆದು ನೋಡಿ. ಬಿಳೀ ಪುಡಿಯ ಮೇಲೆ ಕೂದಲೆಳೆಯಷ್ಟು ಕೆಂಪು ಗೆರೆ ಎದ್ದರೂ ಆ ಚಕ್ರ ಗುಜರಿಗೆ. ವೆಲ್ಡ್ ಮಾಡಿಸ್ತೀನಿ ಅನ್ನೋರಿಗೆ ನನ್ನ ಹತ್ತಿರ ಉತ್ತರವಿಲ್ಲ. ಹೆರಾಲ್ಡ್ ಚಕ್ರಗಳಲ್ಲಿ ಎರಡನ್ನ ಬಿಸಾಕಿದ್ದು ಹೀಗೇ. ಇನ್ನೊಂದು ರನ್‌ಔಟ್, ಅಂದರೆ ತಿರುಗುವಾಗ ಚಕ್ರ ಎಷ್ಟು ಓಲಾಡುತ್ತೆ ಅನ್ನೋದು. ಹಬ್‌ಗೇ ಹಾಕಿ ಡಯಲ್ ಗೇಜ್ ಇಟ್ಟು ತಿರುಗಿಸಿದೆ. ಮೂರು ಒಂದು ಮಿಲಿಯ ಒಳಗೆ, ಒಂದು ಒಂದೂಕಾಲು. ಒಂದು ಎರಡರ ಮೇಲಿತ್ತು, ಅದನ್ನ ತೂಬಿನಕೆರೆ ಕಡೆಯ ಲೇತ್ ಕೆಲಸದವರೊಬ್ಬರ ಹತ್ತಿರ ತಣ್ಣಗಿನ ಸ್ಥಿತಿಯಲ್ಲೇ ಒತ್ತಿಸಿ ಒಂದೂವರೆಗೆ ತಂದು ಸ್ಟೆಪ್ನಿ ಮಾಡಿದೆ. ಬೆಂಕಿ ಕೊಟ್ಟು ಸರಿಮಾಡುವುದಕ್ಕೆ ನಾನು ಒಪ್ಪಲಿಲ್ಲ.

ಬಣ್ಣಕ್ಕೆ ಪೌಡರ್ ಕೋಟಿಂಗ್ ಸಹವಾಸವೇ ಬೇಡ ಅಂತ ಎರಡು ಪದರ ಪಿಯು (ಪಾಲಿಯುರಿಥೇನ್) ಸಿಲ್ವರ್ ಬಣ್ಣ ಗನ್ನಲ್ಲಿ ಹೊಡೆದೆ, ನಟ್ಟಿನ ಸೀಟು ಮತ್ತು ಹಬ್ ಮುಖಕ್ಕೆ ಟೇಪು ಸುತ್ತಿ. ಟೈರು ವ್ಯಾಗನ್ ಆರ್‌ಗೆ ಬರುತ್ತಿದ್ದ 145/80 ಆರ್ 13. ಮೂರೂವರೆ ಇಂಚಿನ ರಿಮ್ಮಿಗೆ ಸರಿಯಾಗಿ ಕೂರುತ್ತೆ. ಹಳೇ ರಿಮ್ಮಿನಲ್ಲಿ ಟೈರಿನ ಅಂಚನ್ನ ತಡೆಯುವ ಉಬ್ಬು ಇಲ್ಲ, ಹಾಗಾಗಿ ಟ್ಯೂಬ್ ಕಡ್ಡಾಯ. ಟೈರ್ ಅಂಗಡಿಯಲ್ಲಿ ನಟ್ಟು ಬಿಗಿಯೋಕೆ ಏರ್ ಗನ್ ಮುಟ್ಟಲು ಬಿಡಬೇಡಿ. 3/8 ಇಂಚಿನ ಸ್ಟಡ್ಡಿಗೆ 40 ಪೌಂಡ್-ಅಡಿ ಬಿಗಿ ಸಾಕು, ಬಿಗಿ ಅಳೆಯುವ ಟಾರ್ಕ್ ವ್ರೆಂಚ್ ನೀವೇ ಹಿಡಿದು ಹೋಗಿ.

2023ರಲ್ಲಿ ತೆರೆದ ಬೆಂಗಳೂರು-ಮೈಸೂರು ಎಕ್ಸ್‌ಪ್ರೆಸ್ ವೇ ಇಂಥ ಪರೀಕ್ಷೆಗೆ ಹೇಳಿ ಮಾಡಿಸಿದ್ದು. ಮೊದಲು ಎಂಬತ್ತರಲ್ಲಿ ಸ್ಟೇರಿಂಗ್ ಕೈಯಲ್ಲಿ ನಡುಗುತ್ತಿತ್ತು. ಈಗ ಮಂಡ್ಯದಿಂದ ಮೈಸೂರಿಗೆ ಎಂಬತ್ತರಲ್ಲೂ ತೊಂಬತ್ತರಲ್ಲೂ ಒಂದೇ ಸಮ. ಕಾಕಂಬಿ, ಡ್ರಮ್ಮು, ಪ್ರೈಮರ್, ಬಣ್ಣ, ಲೇತ್ ಕೂಲಿ ಎಲ್ಲ ಸೇರಿ ಐದು ಚಕ್ರಕ್ಕೆ ಹತ್ತು ಸಾವಿರದ ಒಳಗೆ. ಟೈರು ಬೇರೆ.

ಡ್ರಮ್ಮು ಇತ್ತಲ್ಲ ಅಂತ ಬೇರೆ ಪ್ರಯೋಗಗಳೂ ನಡೆದವು. ಪರಿಚಯದ ಆಲೆಮನೆಯವರು ಮಳೆಗೆ ಕರಗಿ ಕಪ್ಪಾದ ಬೆಲ್ಲ ಕೊಟ್ಟರು. ಕೆಲಸ ಮಾಡಿತು, ಆದರೆ ಕಾಕಂಬಿಯ ಎರಡರಷ್ಟು ಕಾಲ. ಕಬ್ಬಿನ ಹಾಲು ಕಾಯುವಾಗ ತೆಗೆದು ಬಿಸಾಡುವ ಮಡ್ಡಿಯನ್ನೂ ನೋಡಿದೆ, ಹುಳ ಬಿದ್ದಿತೇ ಹೊರತು ತುಕ್ಕು ಕದಲಲಿಲ್ಲ. ಹುಣಸೆ ಕಿವುಚಿದ ನೀರು ವೀಲ್ ನಟ್ಟಿಗೆ, ಕ್ಯಾಪಿನ ಕ್ಲಿಪ್ಪಿಗೆ ಒಂದು ರಾತ್ರಿ ಇಡೋಕೆ ಬಲು ಚೆನ್ನ. ಗೆಳೆಯರೊಬ್ಬರ ಯೆಜ್ಡಿ ಬೈಕು, 1996ರಲ್ಲಿ ಬಾಗಿಲು ಹಾಕಿದ ನಮ್ಮ ಮೈಸೂರಿನ ಐಡಿಯಲ್ ಜಾವಾದ್ದು, ಅದರ ಪೆಟ್ರೋಲ್ ಟ್ಯಾಂಕಿಗೆ ಇದೇ ನೀರು ತುಂಬಿ ಬಿಸಿಲಿಗಿಟ್ಟೆವು. ಒಳಗಿನ ತುಕ್ಕೆಲ್ಲ ಕರೀ ಕೆಸರಾಗಿ ಹೊರಬಂತು. ಅವರ ತಮ್ಮ ಕಾರ್ಬ್ಯುರೇಟರನ್ನೂ ಡ್ರಮ್ಮಿಗೆ ಹಾಕಿಬಿಟ್ಟಿದ್ದ, ಅದರ ಮೈಯೆಲ್ಲ ತೂತು ತೂತು. ಅಲ್ಯುಮಿನಿಯಂ, ಸತು ಇರುವ ಯಾವುದನ್ನೂ ಇದರ ಹತ್ತಿರ ತರಬೇಡಿ.

ಮುಂದಿನ ಬೇಸಿಗೆಗೆ ಡ್ರಮ್ಮು ಖಾಲಿ ಇದೆ. ಆಮೇಲಿನ ಸ್ಪಿಟ್‌ಫೈರ್‌ಗಳಿಗೆ ಬರುತ್ತಿದ್ದ ನಾಲ್ಕೂವರೆ ಇಂಚಿನ ಉಕ್ಕಿನ ಚಕ್ರ ಯಾರ ಹತ್ತಿರವಾದರೂ ಇದ್ದರೆ ಹೇಳಿ. ಎಷ್ಟೇ ತುಕ್ಕು ಹಿಡಿದಿರಲಿ, ಸ್ಟಡ್ ತೂತಿನ ಸುತ್ತ ಬಿರುಕಿಲ್ಲದಿದ್ದರೆ ನಾನು ಕೊಳ್ತೀನಿ.