ಪಾಸ್‌ವರ್ಡ್ ಯಾಕೆ ಹಂಚಿಕೊಳ್ಳುತ್ತಾರೆ: ಕೌಂಟರ್ ಪಕ್ಕ ಕೂತು ಕಂಡಿದ್ದು

ನಾನು ಕಲಬುರಗಿಯ ಒಂದು ಪತ್ತಿನ ಸಹಕಾರಿ ಸಂಘದಲ್ಲಿ ಕಂಪ್ಯೂಟರ್ ವಿಭಾಗ ನೋಡಿಕೊಳ್ಳುತ್ತೇನೆ. ಪಾಸ್‌ವರ್ಡ್ ಯಾರಿಗೂ ಕೊಡಬಾರದು ಅನ್ನೋ ನಿಯಮಕ್ಕೆ ನಮ್ಮಲ್ಲಿ ಎಲ್ಲರೂ ಸಹಿ ಹಾಕಿದ್ದರು. ಆದರೂ ಅಧಿಕಾರಿಯ ಪಾಸ್‌ವರ್ಡ್ ಕ್ಯಾಷಿಯರ್‌ಗೆ ಬಾಯಿಪಾಠ. ತರಬೇತಿ ಕೊಟ್ಟರೆ ಸರಿಹೋಗುತ್ತೆ ಎಂದು ಹಲವರು ಹೇಳಿದರು. ನನಗೆ ಹಾಗನ್ನಿಸಲಿಲ್ಲ. ಗೊತ್ತಿಲ್ಲದೆ ಮಾಡುವವರು ಅಲ್ಲಿ ಯಾರೂ ಇರಲಿಲ್ಲ.

ತೊಗರಿ ರಾಶಿ ಮುಗಿದು ರೈತರ ಕೈಗೆ ದುಡ್ಡು ಬರುವ ಕಾಲಕ್ಕೆ ಕೌಂಟರ್ ಪಕ್ಕ ಕುರ್ಚಿ ಹಾಕಿಕೊಂಡು ಕೂತೆ. ನಮ್ಮಲ್ಲಿ ಕ್ಯಾಷಿಯರ್ ಎಂಟ್ರಿ ಮಾಡಬೇಕು, ಅಧಿಕಾರಿ ಪಾಸ್ ಮಾಡಬೇಕು, ಆಮೇಲೆ ದುಡ್ಡು. ಎರಡೂ ಒಬ್ಬರ ಕೈಯಲ್ಲೇ ಇರಬಾರದು ಅಂತಲೇ ಈ ಏರ್ಪಾಡು. ಅವತ್ತು ಅಧಿಕಾರಿ ಸಾಲ ವಸೂಲಿಗೆ ಹಳ್ಳಿಗೆ ಹೋಗಿದ್ದರು. ಲೈನು ಬಾಗಿಲು ದಾಟಿ ಬಿಸಿಲಿಗೆ ಬಂದಿತ್ತು. ಅಫಜಲಪುರದ ಕಡೆಯ ಅಜ್ಜ ಒಬ್ಬರು, "ಬಸ್ಸು ಹೋಗ್ತದ, ಜಲ್ದಿ ಕೊಡವ್ವಾ" ಅಂದರು. ಕ್ಯಾಷಿಯರ್ ಮೇಡಂ ಅಧಿಕಾರಿಯ ಲಾಗಿನ್ ತೆರೆದು ತಾವೇ ಪಾಸ್ ಮಾಡಿದರು. ನನ್ನ ಕಡೆ ತಿರುಗಿ, "ಮಂದಿ ನಿಂತಾರ್ರಿ ಸರ್, ಏನ್ ಮಾಡ್ಲಿ? ಸಾಹೇಬ್ರೇ ಹೇಳ್ಯಾರ" ಅಂದರು.

ಜನರ ಕೆಲಸ ಆಗಬೇಕು, ಮೇಲಿನವರೂ ಒಪ್ಪಿದ್ದಾರೆ. ಹಾಗಿರುವಾಗ ಇದು ತಪ್ಪು ಅಂತ ಅನ್ನಿಸೋದೇ ಇಲ್ಲ. ಮನಸ್ಸು ಒಪ್ಪುವ ಸಬೂಬು ಸಿಕ್ಕರೆ ಶಿಕ್ಷೆಯ ಭಯ ಅಷ್ಟಾಗಿ ತಡೆಯಲ್ಲ ಅಂತ ಸಿಪೊನೆನ್ ಮತ್ತು ವ್ಯಾನ್ಸ್ ಎಂಬ ಸಂಶೋಧಕರು 2010ರಲ್ಲೇ ತೋರಿಸಿದ್ದಾರೆ. ಅದಕ್ಕೇ ನೋಟಿಸ್ ಕೊಟ್ಟು ಹೆದರಿಸೋದು ಬೇಡ ಎಂದೆ.

ಪಾಸ್ ಮಾಡುವ ಅಧಿಕಾರವನ್ನು ಇಂತಿಷ್ಟು ಮೊತ್ತದವರೆಗೆ ಇನ್ನೊಬ್ಬರಿಗೂ ಕೊಡಿಸಿದೆ. ಅವರಿಗೆ ಅವರದೇ ಲಾಗಿನ್. ಈಗ ಅಧಿಕಾರಿ ಹಳ್ಳಿಗೆ ಹೋದರೂ ಲೈನು ನಿಲ್ಲಲ್ಲ. ತಿಂಗಳಿಗೊಮ್ಮೆ ಪಾಸ್‌ವರ್ಡ್ ಬದಲಿಸುವ ನಿಯಮವನ್ನೂ ತೆಗೆಸಿದೆ. ಅದರಿಂದ ಆಗುತ್ತಿದ್ದದ್ದು ಇಷ್ಟೇ: ಕೀಬೋರ್ಡ್ ಕೆಳಗೊಂದು ಚೀಟಿ, ಇಲ್ಲವೇ ಕೊನೆಯ ಅಂಕಿ ಮಾತ್ರ ಬದಲು. ಸುಮ್ನೆ ಅವಧಿಗೊಮ್ಮೆ ಬದಲಿಸೋದು ಬೇಡ, ಸೋರಿಕೆಯ ಸುಳಿವು ಸಿಕ್ಕಾಗ ಬದಲಿಸಿ ಅಂತ ಅಮೆರಿಕದಲ್ಲಿ ತಾಂತ್ರಿಕ ಮಾನದಂಡ ರೂಪಿಸುವ ಸರ್ಕಾರಿ ಸಂಸ್ಥೆ ನಿಸ್ಟ್‌ನ 2017ರ ಮಾರ್ಗಸೂಚಿ ಕೂಡ ಹೇಳಿತ್ತು. ಈಗ ಕೆಲವು ಪದ ಸೇರಿಸಿದ ಉದ್ದನೆಯ ಪಾಸ್‌ವರ್ಡ್ ಇಡುತ್ತೇವೆ.

ಜಾಸ್ತಿ ಹೊತ್ತು ಹಿಡಿದಿದ್ದು ಮರ್ಯಾದೆಯ ವಿಷಯ. ದೊಡ್ಡವರು ಕೇಳಿದಾಗ ಕೊಡಲ್ಲ ಅಂದರೆ ಎದುರು ಮಾತಾಡಿದಂಗೆ, ಅಲ್ವಾ? ನಾನು ಎಷ್ಟು ಹೇಳಿದರೂ ಈ ಅಳುಕು ಹೋಗುವಂಥದ್ದಲ್ಲ. ಕೊನೆಗೆ ಕಾರ್ಯದರ್ಶಿಗಳನ್ನೇ ಕೇಳಿಕೊಂಡೆ. ಅವರು ಎಲ್ಲರನ್ನೂ ಕೂರಿಸಿ, "ನಾನೇ ಬಂದು ಕೇಳಿದ್ರೂ ಕೊಡಬ್ಯಾಡ್ರಿ. ಕೊಡಲಿಲ್ಲ ಅಂತ ಸಿಟ್ಟಾಗಂಗಿಲ್ಲ" ಅಂದರು. ಮುಂದೊಂದು ದಿನ ಅಧಿಕಾರಿ ಪಾಸ್‌ವರ್ಡ್ ಕೇಳಿದಾಗ ಗುಮಾಸ್ತರೊಬ್ಬರು ಕೈಮುಗಿದು, "ಬ್ಯಾಡ್ರಿ ಸಾಹೇಬ್ರೆ, ಕಾರ್ಯದರ್ಶಿಗಳು ಹೇಳ್ಯಾರ" ಅಂದರು. ಅಧಿಕಾರಿಗೂ ಬೇಸರ ಆಗಲಿಲ್ಲ. ನನಗಂತೂ ತುಂಬಾ ಖುಷಿಯಾಯಿತು.

ಆಧಾರ್ ಪ್ರತಿಗಳನ್ನು ವಾಟ್ಸಾಪ್‌ನಲ್ಲಿ ಕಳಿಸುವುದು ಮಾತ್ರ ಇನ್ನೂ ನಿಂತಿಲ್ಲ. ಸ್ಕ್ಯಾನರ್ ಮಹಡಿ ಮೇಲಿದೆ. ಕೆಳಗೊಂದು ಕೊಡಿಸಿ ಎಂದು ಆಡಳಿತ ಮಂಡಳಿಗೆ ಬರೆದಿದ್ದೇನೆ. ಅದು ಬರುವವರೆಗೆ ಯಾರಿಗೂ ಜೋರು ಮಾಡಲ್ಲ. ಕಳಿಸಿದ ಕೂಡಲೇ ಕಳಿಸಿದವರ, ಪಡೆದವರ ಎರಡೂ ಫೋನಿನಿಂದ ಅಳಿಸಿ ಎಂದಷ್ಟೇ ಕೇಳಿಕೊಳ್ಳುತ್ತಿದ್ದೇನೆ.